ಘಟ್ಟದ ಮೇಲಿನವರು ಕಡಲ ದಾರಿಯಲ್ಲಿ

ಶಿವಮೊಗ್ಗದಿಂದ ಪಡುವಣಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಕಡಲು ಸಿಗುತ್ತದೆ. ತುಂಗೆ ಆ ಕಡೆ ಹೋಗುವುದಿಲ್ಲ. ಗಂಗಾಮೂಲದಲ್ಲಿ ಹುಟ್ಟಿ, 147 ಕಿ.ಮೀ. ಹರಿದು, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲಿಗೆ ನಡೆದವಳ ದಡದಲ್ಲಿ ನಾವು ಬೆಳೆದಿದ್ದೇವೆ. ಹಾಗಾಗಿ ಶಿವಮೊಗ್ಗ, ಭದ್ರಾವತಿಯವರಿಗೆ ಅರಬ್ಬಿ ಕಡಲು ತಾನಾಗಿ ಒದಗಿ ಬರುವುದಿಲ್ಲ. ಘಟ್ಟ ಇಳಿದು ಹುಡುಕಿಕೊಂಡು ಹೋಗಬೇಕು.

*

ಆದರೂ ಆ ಕಡಲು ನಮಗೆ ಹೊಸದಲ್ಲ. ಜೂನ್ ತಿಂಗಳ ಮೊದಲ ದಿನಗಳಲ್ಲಿ ಅದರ ಮೇಲಿಂದ ಬೀಸಿ ಬರುವ ಒದ್ದೆ ಗಾಳಿ ಘಟ್ಟಕ್ಕೆ ಎದೆಕೊಟ್ಟು ಮೇಲೇರಿ, ತಣಿದು, ಮಳೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಸುರಿಯುತ್ತದೆ. ಘಟ್ಟ ದಾಟುವಷ್ಟರಲ್ಲಿ ಗಾಳಿ ಹಗುರಾಗಿ, ಭದ್ರಾವತಿಯ ಪಾಲಿಗೆ ಅದರ ಐದನೆಯ ಒಂದು ಭಾಗವೂ ಉಳಿದಿರುವುದಿಲ್ಲ. ಗಾಜನೂರಿನಲ್ಲಿ ನಿಂತ ನೀರು, ಲಕ್ಕವಳ್ಳಿಯಲ್ಲಿ ನಿಂತ ನೀರು, ನಮ್ಮ ಮನೆಯ ನಲ್ಲಿಯಲ್ಲಿ ಬರುವ ನೀರು ಎಲ್ಲವೂ ಒಂದು ಕಾಲಕ್ಕೆ ಕಡಲಾಗಿದ್ದದ್ದೇ. ದಂಡೆಯಲ್ಲಿ ನಡೆಯಲು ಹೊರಟ ಮಲೆನಾಡಿನವನು ತನ್ನ ಮಳೆ ಹೊರಟ ಜಾಗಕ್ಕೆ ಹೋಗುತ್ತಿದ್ದಾನೆ.

*

ಬೆಂಗಳೂರಿನ ಕಡೆಯಿಂದ ಬಂದು ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ, ಜೋಗದ ಪಕ್ಕದಲ್ಲಿ ಹಾದು ಗೇರುಸೊಪ್ಪೆ ಘಟ್ಟ ಇಳಿಯುವ ಹೆದ್ದಾರಿ ಹೊನ್ನಾವರದಲ್ಲಿ ಕಡಲ ತೀರ ಮುಟ್ಟುತ್ತದೆ. ಭದ್ರಾವತಿಯಲ್ಲಿ ಬಸ್ಸಿಗೆ ಕಾದು ನಿಂತ ಹುಡುಗನೂ ಕಡಲ ದಾರಿಯಲ್ಲೇ ನಿಂತಿದ್ದಾನೆ. ರೈಲು ಮಾತ್ರ ತಾಳಗುಪ್ಪದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಹೊನ್ನಾವರಕ್ಕೆ ಹಳಿ ಹಾಕಿ ಎಂಬ ಬೇಡಿಕೆ ಬಹಳ ಹಳೆಯದು. ಹಳಿ ಬಂದರೆ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡು ಏನಾದೀತು ಎಂಬ ಪ್ರಶ್ನೆಯನ್ನೂ ನಾವು ಅಷ್ಟೇ ಗಟ್ಟಿಯಾಗಿ ಕೇಳಬೇಕು. ನನ್ನನ್ನು ಕೇಳಿದರೆ ಬಸ್ಸೇ ಸಾಕು. ತಿರುವು ತಿರುವಿಗೂ ಕಿವಿ ಕಟ್ಟಿಕೊಂಡು, ಕಿಟಕಿಯ ಗಾಳಿ ಬೆಚ್ಚಗಾಗುತ್ತ ಮೈಗೆ ಅಂಟತೊಡಗಿದಾಗಲೇ ಎಷ್ಟು ಎತ್ತರದಿಂದ ಇಳಿದೆವೆಂಬುದು ಗೊತ್ತಾಗುವುದು.

*

ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ, 1,343 ಮೀಟರ್ ಎತ್ತರದ ಕೊಡಚಾದ್ರಿಯಿಂದ, ಆಕಾಶ ತಿಳಿಯಾದ ದಿನ ಕಡಲು ಕಾಣುತ್ತದೆ. ಹೊಳೆಯುವ ಒಂದು ಗೆರೆ, ಅಷ್ಟೆ. ನಮ್ಮಲ್ಲಿ ಬಹಳ ಮಂದಿಗೆ ಕಡಲೆಂದರೆ ಆ ಗೆರೆಯೇ. ಅದರ ಸದ್ದು ಕೇಳಿಲ್ಲ, ಉಪ್ಪು ತುಟಿಗೆ ತಾಗಿಲ್ಲ, ಅದರಿಂದ ಬದುಕುವವರ ಮುಖ ನೋಡಿಲ್ಲ.

*

ಗೋಕರ್ಣ ಮತ್ತು ಕುಮಟಾ ನಡುವಿನ ಕಡಲ ದಾರಿ ಮಲೆನಾಡಿನ ಚಾರಣಿಗರಿಗೆ ಕೈಗೆಟುಕುವಂಥದ್ದು. ಆದರೆ ಸುಲಭವೆಂದು ತಿಳಿದು ಬಂದವರನ್ನು ಮಧ್ಯಾಹ್ನದೊಳಗೆ ದಣಿಸಿಬಿಡುತ್ತದೆ. ಕುಮಟಾದ ವನ್ನಳ್ಳಿ, ಕಡ್ಲೆ, ಬಾಡದ ದಂಡೆಗಳನ್ನು ಹಾದು ಅಘನಾಶಿನಿ ಎಂಬ ಊರಿಗೆ ಬಂದರೆ ಅಲ್ಲಿ ನೆಲ ಮುಗಿಯುತ್ತದೆ. ದೋಣಿಯಲ್ಲಿ ಹೊಳೆ ದಾಟಿದರೆ ತದಡಿ. ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಂಡೆಗಳು ಒಂದರ ಹಿಂದೊಂದು. ಕೊನೆಗೆ ಗುಡ್ಡ ಇಳಿದರೆ ಮಹಾಬಲೇಶ್ವರನ ಊರು. ಪ್ರತಿ ಎರಡು ದಂಡೆಗಳ ನಡುವೆ ಕಡಲಿಗೆ ಚಾಚಿಕೊಂಡ ಒಂದು ಗುಡ್ಡ. ಮರಳಿನಲ್ಲಿ ನಡೆದು, ಗುಡ್ಡ ಹತ್ತಿ, ಇಳಿದು, ಮತ್ತೆ ಮರಳಿಗೆ.

*

ಬೆಟ್ಟದ ಚಾರಣಕ್ಕೆ ತುದಿ ಎಂಬುದೊಂದಿದೆ. ತುದಿ ಮುಟ್ಟಿದೆ ಎಂದು ಹೇಳಿಕೊಳ್ಳಬಹುದು. ಕಡಲ ದಾರಿಗೆ ತುದಿಯಿಲ್ಲ. ಕಾರವಾರದ ಕಡೆಗೂ ಹೋಗುತ್ತದೆ, ಕಾಸರಗೋಡಿನ ಕಡೆಗೂ ಹೋಗುತ್ತದೆ. ಗೆದ್ದೆ ಎನ್ನುವುದಕ್ಕೆ ಇಲ್ಲಿ ಏನೂ ಇಲ್ಲದಿರುವುದರಿಂದಲೇ ಈ ನಡಿಗೆ ಕೆಲವರಿಗೆ ಬೇಸರ, ಕೆಲವರಿಗೆ ಬಿಡುಗಡೆ.

*

ಒಣ ಮರಳಿನಲ್ಲಿ ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೆ ಜಾರುತ್ತದೆ. ನೀರಿನಂಚಿನ ಒದ್ದೆ ಮರಳು ಗಟ್ಟಿ, ಆದರೆ ಅದು ಅಲೆಯ ಜಾಗ. ಗಟ್ಟಿ ನೆಲ ಬೇಕಾದವರು ಅಲೆಗೆ ಹತ್ತಿರ ನಡೆಯಬೇಕು. ಕಾಲು ಒದ್ದೆಯಾಗಬಾರದೆನ್ನುವವರು ಜಾರುತ್ತ ನಡೆಯಬೇಕು. ಎರಡೂ ಬೇಕೆಂದರೆ ಇಳಿತದ ಹೊತ್ತಿಗೆ ಕಾಯಬೇಕು.

*

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನಾಳಿನ ಉಬ್ಬರ ಇವತ್ತಿನದಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಇನ್ನೂ ಮೇಲಕ್ಕೇರುತ್ತದೆ. ನಮ್ಮ ಗಡಿಯಾರ ಸೂರ್ಯನನ್ನು ನಂಬಿದೆ, ಕಡಲು ಚಂದ್ರನನ್ನು. ಬರೀ ಬಸ್ಸಿನ ವೇಳೆ ನೋಡಿಕೊಂಡು ಹೊರಟವರು ಗುಡ್ಡದ ಬುಡದ ಬಂಡೆಗಳಲ್ಲಿ ನೀರಿಗೆ ಸಿಕ್ಕಿಕೊಳ್ಳುತ್ತಾರೆ. ಪಂಚಾಂಗ ನೋಡಿ ಹೊರಡುವ ಹಿರಿಯರ ಅಭ್ಯಾಸ ಈ ದಾರಿಗೆ ಈಗಲೂ ಬೇಕು.

*

ತದಡಿಯ ದಡದಲ್ಲಿ ಅವಸರ ಮಾಡುತ್ತಿದ್ದ ನಮ್ಮೂರ ಹುಡುಗರಿಗೆ ಬಲೆ ಬಿಡಿಸುತ್ತ ಕೂತಿದ್ದ ಹಿರಿಯರೊಬ್ಬರು ಹೇಳಿದರು: "ನಿಮ್ಗೆ ಹೊತ್ತಾಯ್ತು ಅಂತ ನೀರು ಬೇಗ ಇಳಿತದ್ಯಾ ಮಕ್ಳೇ? ಕೂತ್ಕಳಿ." "ಆಯ್ತು ಅಜ್ಜಾ" ಎಂದು ಹುಡುಗರು ಕೂತರು. ಹಾಗೆ ಕೂತದ್ದರಿಂದ ಏಡಿ ಮರಳು ಹೊರಹಾಕುವುದು ಕಂಡಿತು, ಹೊಳೆ ಕಡಲನ್ನು ಕೂಡುವಲ್ಲಿ ನೀರಿನ ಬಣ್ಣ ಎರಡಾಗುವುದು ಕಂಡಿತು. ದೋಣಿ ಕೂಡಲೇ ಸಿಕ್ಕಿದ್ದರೆ ಎರಡೂ ತಪ್ಪಿಹೋಗುತ್ತಿದ್ದವು.

*

ಶಿವಮೊಗ್ಗ ಜಿಲ್ಲೆಯವರು ಕಟ್ಟಿದ ಹೊಳೆಗಳನ್ನು ನೋಡಿ ಬೆಳೆದವರು. ತುಂಗೆಗೆ ಗಾಜನೂರು, ಭದ್ರೆಗೆ ಲಕ್ಕವಳ್ಳಿ, ಶರಾವತಿಗೆ ಲಿಂಗನಮಕ್ಕಿ, ವಾರಾಹಿಗೆ ಮಾಣಿ. ನಿಲ್ಲಿಸಿದ ನೀರು, ಬಿಟ್ಟ ನೀರು, ಈ ಎರಡರ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. ತನ್ನ ಪಾಡಿಗೆ ಹರಿವ ಹೊಳೆ ಹೇಗಿರುತ್ತದೆಂಬುದು ಮರೆತಿದೆ.

ಶಿರಸಿಯ ಬಳಿ ಹುಟ್ಟಿ ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಕಾಡಿನ ಮಣ್ಣು, ಕೊಳೆತ ಎಲೆಯ ಸಾರ, ಸಿಹಿನೀರು ಎಲ್ಲವನ್ನೂ ಅದು ಅಳಿವೆಗೆ ತಂದು ಸುರಿಯುತ್ತದೆ. ಅತ್ತ ಉಬ್ಬರದ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ. ಸಿಹಿ, ಉಪ್ಪು ಕಲೆಯುವ ಆ ಅಗಲವಾದ ಜಾಗದಲ್ಲಿ ಬಳಚು, ಕಲ್ವ, ಸಿಗಡಿ, ಏಡಿ ಬೆಳೆಯುತ್ತವೆ. ದಡದ ಗಜನಿ ಗದ್ದೆಗಳಲ್ಲಿ ಉಪ್ಪಿಗೆ ಜಗ್ಗದ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಬಿತ್ತದೆ ಬಂದ ಬೆಳೆ ಅದು. ಹೊಳೆ ಹರಿಯುವುದೊಂದೇ ಅದಕ್ಕೆ ಬೇಕಾದ ಬೇಸಾಯ.

ಈ ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪವಿತ್ತು. ಜನ ಬೇಡವೆಂದು ನಿಂತರು, ಅದು ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಣೆಕಟ್ಟೆಗಳೇ ಬೇಡವೆಂದು ಹೇಳಲು ನಮಗೆ ಬಾಯಿಲ್ಲ. ಭದ್ರಾ ನಾಲೆಯ ನೀರಿನಿಂದ ಗದ್ದೆ ಹಸಿರಾಗಿದೆ, ಶರಾವತಿಯ ಕರೆಂಟಿನಿಂದ ನಾಡು ಬೆಳಗಿದೆ. ಆದರೆ ಒಂದು ಹೊಳೆಯನ್ನಾದರೂ ಮುಟ್ಟದೆ ಬಿಡಬೇಕು. ಕಟ್ಟದೆ ಬಿಟ್ಟ ಹೊಳೆ ಎಷ್ಟು ಮಂದಿಯನ್ನು ಸಾಕುತ್ತದೆಂದು ಮಕ್ಕಳಿಗೆ ತೋರಿಸಲು ಒಂದು ಜಾಗ ಉಳಿಯಬೇಕು.

*

ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಕಡಲ ನೀರನ್ನು ಪಾತಿಗಳಿಗೆ ಬಿಟ್ಟು, ಬಿಸಿಲಿಗೆ ಆರಿಸಿ ಉಪ್ಪು ಮಾಡುತ್ತಾರೆ. ಮಲೆನಾಡಿನಲ್ಲಿ ಅಕ್ಕಿ ಬೆಳೆಯುತ್ತದೆ, ಅಡಿಕೆ ಬೆಳೆಯುತ್ತದೆ, ಏಲಕ್ಕಿ, ಮೆಣಸು ಬೆಳೆಯುತ್ತದೆ. ಉಪ್ಪು ಮಾತ್ರ ಬೆಳೆಯುವುದಿಲ್ಲ. ಘಟ್ಟದ ಮೇಲಿನ ಅಡುಗೆಮನೆಗಳೆಲ್ಲ ತಲೆಮಾರುಗಳಿಂದ ಕೆಳಗಿನವರ ಬಿಸಿಲಿನ ದುಡಿಮೆಗೆ ಸಾಲಗಾರರು. 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಕಾನೂನು ಮುರಿದು ಉಪ್ಪು ಮಾಡಿದ್ದು ಇದೇ ಕರಾವಳಿಯಲ್ಲಿ. ಉಪ್ಪಿನ ಪಾತಿಯ ಬದುವಿನ ಮೇಲೆ ನಡೆಯುವಾಗ ದುಡಿಯುವವರಿಗೆ ದಾರಿ ಬಿಟ್ಟು ನಿಲ್ಲಬೇಕು. ಅದು ಪ್ರವಾಸಿ ತಾಣವಾಗುವುದಕ್ಕೆ ಮೊದಲು ಅವರ ಕೆಲಸದ ಜಾಗ.

*

ಶಿವಮೊಗ್ಗದಲ್ಲಿ ಕೆಳದಿಯ ಶಿವಪ್ಪ ನಾಯಕನ ಅರಮನೆ ನೋಡಿದವರು ಹೊನ್ನಾವರದ ಕಡಲಲ್ಲಿ ಬಸವರಾಜದುರ್ಗದ ದ್ವೀಪವನ್ನೂ, ಕಾಸರಗೋಡಿನ ಬೇಕಲ ಕೋಟೆಯನ್ನೂ ನೋಡಬೇಕು. ಮಲೆನಾಡಿನ ಬಿದನೂರಿನಲ್ಲಿ ಕೂತ ಕೆಳದಿಯ ಅರಸರು ಕಡಲ ಅಂಚಿನವರೆಗೆ ಆಳಿದರು. ನಮ್ಮ ಬೆಟ್ಟದ ಕರಿಮೆಣಸು ಎತ್ತಿನ ಬೆನ್ನೇರಿ ಘಟ್ಟ ಇಳಿದು ಬಂದರುಗಳಿಗೆ ಹೋಗುತ್ತಿತ್ತು. ಈಗ ಚಾರಣಿಗರು ಇಳಿಯುವ ಕಾಲುದಾರಿಗಳಲ್ಲಿ ಕೆಲವು ಹೊರೆ ಹೊತ್ತವರು ಸವೆಸಿದವು. ಅವರಿಗೆ ಅದು ವಿಹಾರವಾಗಿರಲಿಲ್ಲ.

*

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಗೋಕರ್ಣದ ಕರಾವಳಿ ನೋಡಿ, ಘಟ್ಟ ಹತ್ತಿ ಇಕ್ಕೇರಿ, ಬಿದನೂರಿನ ಕಡೆಗೆ ಬಂದ. ಊರೂರಿನಲ್ಲಿ ನಿಂತು ಬೆಳೆ, ಮಣ್ಣು, ಜಾತಿ, ತೆರಿಗೆ ವಿಚಾರಿಸಿ ಬರೆದುಕೊಂಡ. ಕಂಪನಿ ಸರ್ಕಾರಕ್ಕೆ ಲೆಕ್ಕ ಒಪ್ಪಿಸಲು ಬಂದವನ ಕಣ್ಣು ಅದು. ನೆಲವನ್ನು ಆದಾಯವಾಗಿ ನೋಡುವ ಕಣ್ಣು. ಆದರೂ ಆತನಿಂದ ಒಂದನ್ನು ಕಲಿಯಬೇಕು. ದಾರಿಯಲ್ಲಿ ಸಿಕ್ಕಿದವರನ್ನು ಕೇಳದೆ ಆತ ಮುಂದೆ ಹೋಗಲಿಲ್ಲ.

*

ಜಂಬಿಟ್ಟಿಗೆ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನೂ ಅದೇ ಬುಕಾನನ್. ಗೋಕರ್ಣದ ಗುಡ್ಡಗಳ ನೆತ್ತಿಯಲ್ಲಿರುವುದೂ ಸಾಗರ, ಹೊಸನಗರದ ಗೋಡೆಗಳಲ್ಲಿರುವುದೂ ಅದೇ ಕಲ್ಲು. ನೆಲದೊಳಗಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಹೊರಗೆ ತೆಗೆದು ಗಾಳಿಗಿಟ್ಟರೆ ಗಟ್ಟಿ. ಅದರ ಕೆಂಪು ಕಬ್ಬಿಣದ ಕೆಂಪು. ಮಧ್ಯಾಹ್ನ ಆ ಬೋಳು ಗುಡ್ಡದ ಮೇಲೆ ನಡೆದರೆ ಕಾದ ಕಲ್ಲಿನ ಝಳ ಬೂಟಿನೊಳಗೂ ತಟ್ಟುತ್ತದೆ. ಹತ್ತು ಗಂಟೆಯ ಮೇಲೆ ಗುಡ್ಡ ಹತ್ತಬೇಡಿ. ಗೇರುಮರದ ನೆರಳಿದ್ದರೆ ಅಲ್ಲೇ ಕೂತುಬಿಡಿ.

*

ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪಗಳು ಸಿಗುತ್ತವೆ. ತೆಂಗಿನ ಮರ, ಚಿಪ್ಪಿನ ಚೂರುಗಳೇ ಮರಳಾದ ದಂಡೆ, ನೀರಿನಿಂದ ಸಾಲಾಗಿ ಎದ್ದುನಿಂತ ಹಲವು ಮೂಲೆಗಳ ಕಲ್ಲುಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ, ಉಕ್ಕಿದ ಲಾವಾ ನಿಧಾನವಾಗಿ ಆರುತ್ತ ಕುಗ್ಗಿ, ಸೀಳಿ, ಹೀಗೆ ಕಂಬವಾಯಿತು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಕಾಲಿಟ್ಟನೆಂಬ ಕಥೆಯನ್ನು ದೋಣಿಯವರು ಹೇಳುತ್ತಾರೆ. ಆ ಕಲ್ಲಿನ ವಯಸ್ಸಿನ ಮುಂದೆ ಆತ ನಿನ್ನೆ ಮೊನ್ನೆ ಬಂದವನು.

ಕರಗಿದ್ದು ಆರುವಾಗ ಕುಗ್ಗುತ್ತದೆ ಎಂಬ ನಿಯಮವನ್ನು ಭದ್ರಾವತಿಯವರು ಪುಸ್ತಕ ಓದಿ ಕಲಿಯಲಿಲ್ಲ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗಿನಿಂದ ಎರಕದ ಕೆಲಸದವರಿಗೆ ಅದು ಕೈಯ ಅನುಭವ. ಆ ದ್ವೀಪದ ಕಂಬಗಳನ್ನು ನಮ್ಮೂರಿನ ಕಾರ್ಮಿಕರಷ್ಟು ಚೆನ್ನಾಗಿ ಅರಿಯಬಲ್ಲ ಪ್ರವಾಸಿಗರು ಕಡಿಮೆ. 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ನಿಂತುಹೋಗಿದೆ. ಕಬ್ಬಿಣದ ಕಾರ್ಖಾನೆಯ ಹಳೆಯ ಗತ್ತು ಉಳಿದಿಲ್ಲ. ಕೋಟಿ ವರ್ಷದ ಕಲ್ಲು ನೋಡಿ ಬಂದವರು "ಇದರ ಮುಂದೆ ನಮ್ಮದೆಲ್ಲ ಏನು" ಎನ್ನುವುದುಂಟು. ನಾನು ಒಪ್ಪುವುದಿಲ್ಲ. ಕೆಲಸ ಕಳೆದುಕೊಂಡ ಮನೆಯ ಕಷ್ಟ ಕಲ್ಲಿನ ವಯಸ್ಸಿನಿಂದ ಸಣ್ಣದಾಗುವುದಿಲ್ಲ.

*

ದ್ವೀಪ ನೋಡಲು ಕಡಲಿಗೇ ಹೋಗಬೇಕೆಂದಿಲ್ಲ. ನಮ್ಮ ಜಿಲ್ಲೆಯಲ್ಲೇ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಶರಾವತಿ ಕಣಿವೆಯ ಊರು, ಗದ್ದೆ, ತೋಟ, ದೇವಸ್ಥಾನಗಳು ಮುಳುಗಿದವು. ಗುಡ್ಡಗಳ ತಲೆ ಮಾತ್ರ ನೀರಿನ ಮೇಲೆ ಉಳಿಯಿತು. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೆಯೇ ಆ ನೀರಿನಡಿ ಹೋಯಿತು. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ಅದು ಮೇಲೆದ್ದು ಕಾಣುತ್ತದೆ. ಮುಳುಗಿದ ಊರುಗಳಿಂದ ಎದ್ದುಬಂದವರಲ್ಲಿ ಬಹಳ ಮಂದಿ ಶಿವಮೊಗ್ಗದ ಸುತ್ತಲಿನ ಕಾಡಂಚಿಗೆ ಬಂದು ನೆಲೆನಿಂತರು. ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ.

ಸಾಗರದ ನಾ. ಡಿಸೋಜ ಆ ಮುಳುಗಡೆಯನ್ನು ಕಣ್ಣಾರೆ ಕಂಡವರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಅದಕ್ಕೆ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಆ ಹಿನ್ನೀರಿನ ಮೇಲೆ ಅಂಬಾರಗೊಡ್ಲು, ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಲಾಂಚಿನ ಸರದಿ ತಪ್ಪಿತು. ನಡುರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಲಾಂಚ್ ಇಲ್ಲದ ಹೊತ್ತಿನಲ್ಲಿ ಸಾಗರಕ್ಕೆ ಕರೆತರುವ ಭಯ ಆಚೆ ದಡದ ತುಮರಿ ಸೀಮೆಯವರಿಗೆ ತಪ್ಪಿತು. ಎರಡನೆಯದೇ ದೊಡ್ಡದು.

*

ನೋಡಲು ಬಂದವನಿಗೆ ದ್ವೀಪ ಚೆಂದ. ಅಲ್ಲಿ ಇರಬೇಕಾದವನಿಗೆ ಮೊದಲು ಬೇಕಾದದ್ದು ದಾಟುವ ದಾರಿ.

*

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 30 ಕಿ.ಮೀ. ಹೋದರೆ ಮಂಡಗದ್ದೆ. ತುಂಗೆಯ ನಡುವಿನ ಸಣ್ಣ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಸುತ್ತ ನೀರಿರುವವರೆಗೆ ಮೊಟ್ಟೆ ಕ್ಷೇಮ. ಭದ್ರಾ ಜಲಾಶಯದಲ್ಲಿ ಬೇರೆ ಲೆಕ್ಕ. ಬೇಸಿಗೆಗೆ ನೀರು ಇಳಿದಾಗ ತಲೆಯೆತ್ತುವ ಬೋಳು ದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ನೀರು ಸರಿದ ಜಾಗವನ್ನು ನಾವು ಬೋಳೆನ್ನುತ್ತೇವೆ, ಹಕ್ಕಿ ಅಲ್ಲಿ ಸಂಸಾರ ಹೂಡುತ್ತದೆ. ದೋಣಿಯಲ್ಲಿ ಹೋದವರು ದಿಬ್ಬಕ್ಕೆ ಇಳಿಯಲೇಬಾರದು.

*

ತುಂಗೆಯಲ್ಲಿ ಈಜು ಕಲಿತವರಿಗೆ ಕಡಲಲ್ಲಿ ಹೆಚ್ಚಿನ ಅಪಾಯ. ಈಜು ಬರುತ್ತದೆಂಬ ಧೈರ್ಯ ಅವರಿಗೆ ಇರುತ್ತದೆ, ಕಡಲಿನ ಗುಣ ಗೊತ್ತಿರುವುದಿಲ್ಲ. ಹೊಳೆಯ ಸೆಳೆತ ಒಂದೇ ಕಡೆಗೆ. ಸ್ವಲ್ಪ ದೂರ ತೇಲಿದರೂ ದಡ ಪಕ್ಕದಲ್ಲೇ ಇರುತ್ತದೆ. ಕಡಲಲ್ಲಿ ಅಲೆ ದಡಕ್ಕೆ ತಂದು ಹಾಕಿದ ನೀರೆಲ್ಲ ವಾಪಸ್ ಹೋಗಲೇಬೇಕು. ಹೆಂಚಿನ ಮಾಡಿಗೆ ಬಿದ್ದ ಮಳೆಯೆಲ್ಲ ಒಂದು ದಂಬೆಯಲ್ಲಿ ಕೂಡಿ ರಭಸದಿಂದ ಸುರಿಯುವ ಹಾಗೆ, ಅದು ಒಂದು ಕಿರಿದಾದ ಜಾಡು ಹಿಡಿದು ಒಳಕ್ಕೆ ಓಡುತ್ತದೆ. ಆ ಜಾಡಿನಲ್ಲಿ ಅಲೆ ಒಡೆಯುವುದಿಲ್ಲ. ಮೇಲಿಂದ ನೋಡಿದರೆ ಶಾಂತವಾಗಿ ಕಾಣುತ್ತದೆ. ಎಲ್ಲಕ್ಕಿಂತ ಶಾಂತವಾಗಿ ಕಂಡ ಜಾಗಕ್ಕೇ ಹೊಸಬರು ಇಳಿಯುತ್ತಾರೆ.

ಅದರಲ್ಲಿ ಸಿಕ್ಕವರು ದಡದ ಕಡೆಗೆ ಈಜಿ ಈಜಿ ಸೋತು ಮುಳುಗುತ್ತಾರೆ. ಮಾಡಬೇಕಾದ್ದು ಬೇರೆ. ಗಾಬರಿಯಾಗದೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಜಾಡಿನಿಂದ ಹೊರಬಂದು, ಅಲೆ ಒಡೆಯುವಲ್ಲಿಂದ ದಡಕ್ಕೆ ಬರಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಕಡಲಿನ ಪಾಲಾದರು. ಬಯಲುಸೀಮೆಯಿಂದ ಕಡಲು ನೋಡಲು ಬಂದ ಮಕ್ಕಳು. ಅಂಥ ಸುದ್ದಿ ಓದಿ ಮರುಗಿದರೆ ಸಾಲದು. ಕಡಲಿಗೆ ಪ್ರವಾಸ ಕರೆದೊಯ್ಯುವ ಪ್ರತಿ ಶಾಲೆಯಲ್ಲೂ, ಬಸ್ಸು ಹೊರಡುವ ಹಿಂದಿನ ದಿನ, ಕರಿಹಲಗೆಯ ಮೇಲೆ ಚಿತ್ರ ಬರೆದು ಈ ಸೆಳೆತವನ್ನು ಮಕ್ಕಳಿಗೆ ವಿವರಿಸಬೇಕು. ಅರ್ಧ ಗಂಟೆಯ ಪಾಠ ಅದು.

*

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲು ಕೆರಳುವ ಕಾಲ. ಕಡಲಿನಿಂದಲೇ ಅನ್ನ ಉಣ್ಣುವವರು ಎರಡು ತಿಂಗಳು ದಡದಲ್ಲಿ ಕೂರುತ್ತಾರೆ. ಮಳೆಗಾಲದಲ್ಲಿ ಮಲ್ಪೆಯ ದ್ವೀಪಕ್ಕೂ ದೋಣಿ ಬಿಡುವುದಿಲ್ಲ. ಆಗ ಹೋಗಿ "ಒಂದು ಸಲ ಬಿಡ್ರಿ, ದೂರದಿಂದ ಬಂದಿದ್ದೀವಿ" ಎಂದು ಪೀಡಿಸುವವರಲ್ಲಿ ನಮ್ಮ ಕಡೆಯವರೂ ಇರುತ್ತಾರೆ. ದೂರದಿಂದ ಬಂದದ್ದು ಕಡಲಿಗೆ ಗೊತ್ತಿಲ್ಲ.

*

ಚಳಿಗಾಲದಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಂಥ ದಂಡೆಗಳಿಗೆ ಕಡಲಾಮೆಗಳು ರಾತ್ರಿ ಬಂದು ಮರಳಲ್ಲಿ ಮೊಟ್ಟೆಯಿಟ್ಟು ಹೋಗುತ್ತವೆ. ಮೊಟ್ಟೆಯೊಡೆದ ಮರಿ ಬೆಳಕಿದ್ದ ಕಡೆಗೆ ಹರಿಯುತ್ತದೆ, ಏಕೆಂದರೆ ಕತ್ತಲ ದಂಡೆಯಲ್ಲಿ ಬೆಳಕಿರುವುದು ಕಡಲ ಕಡೆಗೆ. ನಾವು ದಂಡೆಯಲ್ಲಿ ಬೆಂಕಿ ಹಾಕಿ, ದೀಪ ಹಚ್ಚಿ ಕೂತರೆ ಅದು ನಮ್ಮ ಕಡೆಗೆ ಬಂದು ಸಾಯುತ್ತದೆ. ಚಾರಣದ ರಾತ್ರಿಗೆ ಬೆಂಕಿ ಬೇಕೇ ಬೇಕೆನ್ನುವವರು ಕರಾವಳಿಗೆ ಬರದಿರುವುದು ಮೇಲು.

*

ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ಕಾಲವೂ ಚಾರಣದ ಕಾಲವೂ ಒಂದೇ. ಘಟ್ಟದ ಕಾಡು ಹಾದು ಕಡಲಿಗಿಳಿಯುವವರು ಉಣುಗು ಕಚ್ಚದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಲಿ, ಸಂಜೆ ಬಟ್ಟೆ ಕೊಡವಿ ಬಿಸಿನೀರಿನ ಸ್ನಾನ ಮಾಡಲಿ. ಮಂಗ ಸತ್ತುಬಿದ್ದ ಜಾಗದಲ್ಲಿ ನಿಲ್ಲಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

*

ಶಿವಮೊಗ್ಗದಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ತರುಣೋದಯ ಘಟಕದಂಥ ಬಳಗಗಳು ಮಧ್ಯಮವರ್ಗದ ಮಂದಿಯನ್ನು ಬೆಟ್ಟಕ್ಕೆ, ಕಡಲಿಗೆ ನಡೆಸಿಕೊಂಡು ಹೋಗುತ್ತವೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಮಕ್ಕಳನ್ನು ಓದಲು ಕಳಿಸಿ ಮನೆ ಖಾಲಿಯಾದ ಗೃಹಿಣಿಯರು. ಜೀವಮಾನವಿಡೀ ಮನೆಯವರ ಊಟದ ಹೊತ್ತಿಗೆ ಮನೆ ಸೇರಿದ ಹೆಂಗಸೊಬ್ಬರು ದಂಡೆಯಲ್ಲಿ ಯಾರ ಜೊತೆಗೂ ಮಾತಿಲ್ಲದೆ ಮುಂದೆ ಮುಂದೆ ನಡೆಯುತ್ತಿದ್ದರೆ ಹಿಂದಿನಿಂದ ಕೂಗಿ ಕರೆಯಬೇಡಿ. ಬಾಲ ಹಿಡಿದು ಬರುವವರು ಯಾರೋ ಒಬ್ಬರು ಅವರ ಮೇಲೆ ಕಣ್ಣಿಟ್ಟರೆ ಸಾಕು.

*

ಗುಂಪಿನ ವೇಗ ಎಂದರೆ ಕೊನೆಯವರ ವೇಗ. ಮುಂದೆ ಓಡುವವರು ಇದನ್ನು ಒಪ್ಪುವವರೆಗೆ ಅದು ಗುಂಪಲ್ಲ.

*

ದಂಡೆಯಲ್ಲಿ ಸುತ್ತಲೂ ನೀರು, ಕುಡಿಯಲು ಗುಟುಕಿಲ್ಲ. ಬೆವರು ಗಾಳಿಗೆ ಆರಿಹೋಗುವುದರಿಂದ ಎಷ್ಟು ದಣಿದೆವೆಂಬುದೂ ತಿಳಿಯುವುದಿಲ್ಲ. ಹೊರಡುವಾಗ ತುಂಬಿಕೊಂಡ ನೀರು ಮಧ್ಯಾಹ್ನಕ್ಕೇ ಮುಗಿಯುತ್ತದೆ; ತದಡಿಯಲ್ಲಿ, ಹಳ್ಳಿಗಳಲ್ಲಿ ಕೇಳಿ ತುಂಬಿಸಿಕೊಳ್ಳಬೇಕು. ಬುತ್ತಿಗೆ ಅವಲಕ್ಕಿ, ಬೆಲ್ಲ, ಸೌತೆಕಾಯಿ ಇದ್ದರೆ ಸಾಕು. ಯಾವುದಾದರೂ ಮನೆಯವರು ಮುರುಗಲು ಹಣ್ಣಿನ ಪಾನಕ ಕೊಟ್ಟರೆ ಬೇಡವೆನ್ನಬೇಡಿ.

*

ಅಘನಾಶಿನಿಯ ಕಡೆಯ ದಂಡೆಗಳಲ್ಲಿ ಮಳೆಗಾಲ ಮುಗಿದ ಮೇಲೆ ನಡೆದರೆ ಅಲೆ ತಂದು ಬಿಟ್ಟ ಚಪ್ಪಲಿ, ಬಾಟಲಿ, ಔಷಧಿಯ ಖಾಲಿ ಪಟ್ಟಿ, ಹರಿದ ಬಲೆಯ ತುಂಡು ಸಿಗುತ್ತವೆ. ಇವೆಲ್ಲ ಕಡಲಲ್ಲಿ ಹುಟ್ಟಿದ್ದಲ್ಲ. ಜೋಗದ ಗುಂಡಿಯಲ್ಲಿ ಎಸೆದ ಬಾಟಲಿ ಶರಾವತಿಯ ಜೊತೆ ಹೊನ್ನಾವರಕ್ಕೆ ಬರುತ್ತದೆ. ಶಿವಮೊಗ್ಗದಲ್ಲಿ ತುಂಗೆಗೆ ಹಾಕಿದ ಕಸ ಹಂಪಿಯ ಮುಂದೆ ಹಾದುಹೋಗುತ್ತದೆ. ಎರಡು ಕಡಲಿಗೂ ಕಸ ಕಳಿಸಬಲ್ಲ ಜಿಲ್ಲೆ ನಮ್ಮದು. ಆ ಜವಾಬ್ದಾರಿಯೂ ಅಷ್ಟೇ ದೊಡ್ಡದು.

*

ಕರಾವಳಿಯಿಂದ ಹಿಂತಿರುಗುವ ಬಸ್ಸು ಘಟ್ಟ ಹತ್ತಿದಂತೆ ಗಾಳಿ ತಣ್ಣಗಾಗುತ್ತದೆ. ತೋಳಿನ ಮೇಲೆ ಉಪ್ಪು ಬಿಳಿಯಾಗಿ ಒಣಗಿರುತ್ತದೆ. ಪಕ್ಕದಲ್ಲಿ ಕೂತ ಹೊನ್ನಾವರದ ಹೆಂಗಸು ಮೀನಿನ ಬುಟ್ಟಿಯನ್ನು ಸಾಗರದ ಸಂತೆಗೆ ಒಯ್ಯುತ್ತಿರಬಹುದು. ವಾಸನೆಯೆಂದು ಮೂಗು ಮುಚ್ಚಿಕೊಳ್ಳುವವರು ಮೂರು ದಿನ ಅವರ ಕಡಲನ್ನು ಹೊಗಳಿ ಬಂದವರೇ. ಆ ಬುಟ್ಟಿಗೆ ಜಾಗ ಬಿಟ್ಟುಕೊಡದಿದ್ದರೆ ನಾವು ಕಡಲನ್ನು ಮೆಚ್ಚಿದ್ದು ಸುಳ್ಳು.

*

ಈ ದಾರಿಯಲ್ಲಿ ನಡೆಯಬೇಕೆನ್ನುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಒಬ್ಬರೇ ಹೋಗಬೇಡಿ, ಎಲ್ಲಿಂದ ಎಲ್ಲಿಗೆ ನಡೆಯುತ್ತೀರೆಂದು ಮನೆಯಲ್ಲಿ ಹೇಳಿಡಿ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲು ಗುಡ್ಡ ದಾಟಿ. ನಿರ್ಬಂಧವೇನಾದರೂ ಇದೆಯೇ ಎಂದು ಅಲ್ಲಿನ ಪೊಲೀಸರನ್ನೋ ಅರಣ್ಯ ಇಲಾಖೆಯವರನ್ನೋ ಮೊದಲೇ ಕೇಳಿ. ಒಯ್ದದ್ದನ್ನೆಲ್ಲ ವಾಪಸ್ ತನ್ನಿ. ದೋಣಿಗೆ ಚಿಲ್ಲರೆ ಇಟ್ಟುಕೊಳ್ಳಿ. ಬಂಡೆಯ ಬದಿಗೆ ಹೋಗಬೇಡಿ ಎಂದು ಮೀನುಗಾರರು ಹೇಳಿದರೆ ಹೋಗಬೇಡಿ.